ಮನೆಯೊಳಗೇ ಬೆಳೆದ ಮುಧೋಳ ನಾಯಿ: ಹೊಲದ ಥಂಡಿಗೆ ಹೇಗೆ ತಯಾರು ಮಾಡುವುದು?

ಕುಕನೂರು ಎರೆಹೊಲ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ವರ್ಷದ ಹೆಣ್ಣು ಮುಧೋಳ ನಾಯಿ ಇದೆ. ಹೆಸರು ಚಿಗರಿ. ಮರಿ ಇದ್ದಾಗಿನಿಂದ ಮನೆಯೊಳಗೇ ಬೆಳೆದಿದೆ. ಪಡಸಾಲೆಯಲ್ಲಿ ಅವ್ವನ ಹಳೇ ಕೌದಿ ಮೇಲೆ ಮಲಗುತ್ತದೆ. ಫ್ಯಾನ್ ಜೋರಾದರೆ ಎದ್ದು ಅಡುಗೆಮನೆಗೆ ಹೋಗುತ್ತದೆ, ಅಷ್ಟು ನಾಜೂಕು. ಆದರೆ ಬಯಲಿಗೆ ಬಿಟ್ಟರೆ ಅದರ ಓಟ ನೋಡಬೇಕು ನೀವು.

ಈ ಸಲ ತೊಗರಿ ರಾಶಿ ಮುಗಿಯುವವರೆಗೆ ನಾನು ಹೊಲದಲ್ಲೇ ಮಲಗಬೇಕು. ಪತ್ರಾಸ್ ಶೆಡ್ ಇದೆ, ತಗಡಿನದು. ಮೂರು ಕಡೆ ಗೋಡೆ, ಮೂಡಕ್ಕೆ ಬಯಲು. ಚಿಗರಿಯನ್ನೂ ಕರೆದುಕೊಂಡು ಹೋಗಬೇಕು ಅಂತ ಆಸೆ. ಬೆಳಗ್ಗೆ ಓಡಿಸಬಹುದು, ರಾತ್ರಿ ಕಾವಲಿಗೂ ಆಗುತ್ತದೆ. ದೀಪಾವಳಿ ಈಗಷ್ಟೇ ಮುಗಿದಿದೆ. ಡಿಸೆಂಬರ್ ಹೊತ್ತಿಗೆ ಅದನ್ನು ಚಳಿಗೆ ಒಗ್ಗಿಸುವುದು ಹೇಗೆ? ಸ್ವೆಟರ್ ಬೇಕಾ? ಊಟ ಬದಲಿಸಬೇಕಾ? ಗೊತ್ತಿದ್ದವರು ಹೇಳಿ.

ರಾಯಚೂರು ಬಿಸಿಲು

ಸ್ವೆಟರಾ? ಬೇಟೆ ನಾಯಿಗಾ? ನಮ್ಮ ಕಡೆ ಇರುವುದೇ ಎರಡು ಕಾಲ, ಬಿಸಿಲು ಮತ್ತು ಜಾಸ್ತಿ ಬಿಸಿಲು. 2016ರಲ್ಲಿ ಸೇನೆಯವರು ಇದೇ ತಳಿಯ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಅಲ್ಲಿನ ಜನವರಿ ಮುಂದೆ ನಿಮ್ಮ ಕುಕನೂರು ಯಾವ ಲೆಕ್ಕ? ಸುಮ್ನೆ ಹೊರಗೆ ಕಟ್ಟಿ. ಎರಡು ರಾತ್ರಿ ನಡುಗುತ್ತದೆ, ಮೂರನೇ ರಾತ್ರಿ ತಾನೇ ಸರಿಹೋಗುತ್ತದೆ. ತೀರಾ ಥಂಡಿ ಅನ್ನಿಸಿದರೆ ಹಾಲಿಗೆ ಒಂದು ಮುಚ್ಚಳ ಬ್ರಾಂಡಿ ಹಾಕಿ ಕುಡಿಸಿ. ನಮ್ಮ ತಾತ ಹಾಗೇ ಮಾಡುತ್ತಿದ್ದರು.

ಸಿಂಧನೂರು ಅಕ್ಕ

ರಾಯಚೂರು ಅಣ್ಣ, ಸೇನೆಯ ನಾಯಿಗೆ ಪಕ್ಕಾ ಗೂಡು ಇರುತ್ತದೆ, ಅಳತೆಯ ಊಟ ಇರುತ್ತದೆ, ಕೂಗಿದರೆ ಬರುವಷ್ಟು ಹತ್ತಿರ ಡಾಕ್ಟರ್ ಇರುತ್ತಾರೆ. ಪತ್ರಾಸ್ ಶೆಡ್ಡಿಗೂ ಅದಕ್ಕೂ ಎಲ್ಲಿಯ ಸಂಬಂಧ?

ಕುಕನೂರು ತಮ್ಮಾ, ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಈ ನಾಯಿಗಳಿವೆ. ಓಡುವಾಗ ಇದಕ್ಕೆ ಚಳಿ ಇಲ್ಲ, ನಿಂತ ಮೇಲೆ ಚಳಿ. ಚರ್ಮ ತೆಳು, ಕೂದಲು ಗಿಡ್ಡ, ಕೂದಲ ಕೆಳಗೆ ಬೆಚ್ಚಗಿಡುವ ಮೆತ್ತನೆಯ ಪದರ ಇಲ್ಲ, ಮೈಮೇಲೆ ಕೊಬ್ಬೂ ಇಲ್ಲ. ಪಶ್ಮಿ ಅಂತ ಕರೆಯುವ, ಕಿವಿ ಬಾಲದಲ್ಲಿ ಉದ್ದ ಕೂದಲಿರುವ ನಾಯಿಯೂ ಮೈಯಲ್ಲಿ ಹೀಗೇ. ಬೇಸಿಗೆಯಲ್ಲಿ ಇದೇ ಅದರ ಶಕ್ತಿ. ಪುಷ್ಯ ಮಾಸದ ಬೆಳಗಿನ ಜಾವ ಇದೇ ಅದರ ಕಷ್ಟ. ಹಾಗಾಗಿ ಚಳಿಯಲ್ಲಿ ಓಡಾಡುವುದಕ್ಕೆ ಒಗ್ಗಿಸಿ, ಚಳಿಯಲ್ಲಿ ಮಲಗುವುದಕ್ಕೆ ಒಗ್ಗಿಸಲು ಹೋಗಬೇಡಿ. ಮೊದಲನೆಯದು ಆಗುತ್ತದೆ, ಎರಡನೆಯದು ಈ ತಳಿಗೆ ಆಗುವುದಿಲ್ಲ.

ಇವತ್ತಿನಿಂದಲೇ ಶುರು ಮಾಡಿ. ಈಗ ಏಳು ಗಂಟೆಗೆ ಹೊರಗೆ ಕರೆದೊಯ್ಯುತ್ತಿದ್ದರೆ ಮುಂದಿನ ವಾರ ಆರೂವರೆಗೆ ಹೋಗಿ, ಆಮೇಲೆ ಆರಕ್ಕೆ. ಸಂಜೆ ದೀಪ ಹಚ್ಚಿದ ಮೇಲೂ ಒಂದಿಷ್ಟು ಹೊತ್ತು ಅಂಗಳದಲ್ಲಿ ಬಿಡಿ. ಒಳಗೆ ಬಂದ ಕೂಡಲೇ ಒಲೆ ಮುಂದೆ ಕೂರಿಸಬೇಡಿ. ಚಳಿ ದಿನಕ್ಕೆ ಇಷ್ಟಿಷ್ಟೇ ಏರುತ್ತದೆ, ನಾಯಿಯೂ ಅದರ ಜೊತೆಗೇ ಏರಲಿ. ಎಳ್ಳ ಅಮಾವಾಸ್ಯೆ ದಿನ ಏಕಾಏಕಿ ಕೌದಿಯಿಂದ ಎಬ್ಬಿಸಿ ಹೊಲಕ್ಕೆ ಕರೆದೊಯ್ದರೆ ಯಾವ ಸ್ವೆಟರೂ ಕಾಯುವುದಿಲ್ಲ.

ಗಂಗಾವತಿ ಪಶುವೈದ್ಯ

ಅಕ್ಕನವರ ಮಾತಿಗೆ ನನ್ನದೂ ಒಪ್ಪಿಗೆ. ಹೊಸ ಹವೆಗೆ ನಾಯಿಯ ಮೈ ಹೊಂದಿಕೊಳ್ಳಲು ಸಾಮಾನ್ಯವಾಗಿ ಎರಡು-ಮೂರು ವಾರ ಬೇಕು. ನಿಮಗೆ ಅಷ್ಟು ಟೈಮ್ ಇದೆ.

ಮೊದಲು ಬ್ರಾಂಡಿ ವಿಷಯ ಮುಗಿಸುತ್ತೇನೆ. ದಯವಿಟ್ಟು ಬೇಡ. ಮದ್ಯ ಚರ್ಮದ ಕಡೆಯ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೇಲೆ ಬೆಚ್ಚಗಾದಂತೆ ಕಾಣುತ್ತದೆ, ಒಳಗಿನ ಶಾಖ ಹೊರಗೆ ಹೋಗಿ ಮೈ ಇನ್ನೂ ತಣ್ಣಗಾಗುತ್ತದೆ. ಅದು ಸಾಲದು ಅಂತ ನಾಯಿಗೆ ಮದ್ಯವೇ ವಿಷ. ಶೀತ ಜ್ವರ ಅಂತ ನಮ್ಮ ಮಾತ್ರೆ ಅರ್ಧ ಮುರಿದು ಕೊಡುವುದೂ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯ ಲಿವರ್, ಹೊಟ್ಟೆ, ಕಿಡ್ನಿ ಹಾಳು ಮಾಡುತ್ತವೆ. ನೀಲಗಿರಿ ಎಣ್ಣೆ, ಕರ್ಪೂರದ ಮುಲಾಮು ಹಚ್ಚಿದರೆ ನೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ.

ಈಗ ಚಳಿಯ ಲೆಕ್ಕ. ನಮ್ಮ ಕಡೆ ಡಿಸೆಂಬರ್, ಜನವರಿ ಬೆಳಗಿನ ಜಾವ 12-14 ಡಿಗ್ರಿಗೆ ಇಳಿಯುವುದು ಮಾಮೂಲಿ. ಲೆಕ್ಕದಲ್ಲಿ ದೊಡ್ಡ ಚಳಿ ಅಲ್ಲ, ಒಪ್ಪುತ್ತೇನೆ. ಆದರೆ ಆ ನಾಯಿ ಏಪ್ರಿಲ್‌ನಲ್ಲಿ 40ರ ಮೇಲಿನ ಬಿಸಿಲು ಕಂಡದ್ದು, ರಾತ್ರಿ ಪಡಸಾಲೆಯ ಬೆಚ್ಚಗಿನಲ್ಲಿ ಮಲಗಿದ್ದು. ಅದರ ಮೇಲೆ ಮೂಡಗಾಳಿ, ಇಬ್ಬನಿಯಲ್ಲಿ ನೆಂದ ಹೊಟ್ಟೆ. ಒಣ 12 ಡಿಗ್ರಿ ಬೇರೆ, ಒದ್ದೆ ಮೈಗೆ ಗಾಳಿ ಬಡಿಯುವ 12 ಡಿಗ್ರಿ ಬೇರೆ.

ಆರೋಗ್ಯವಂತ ನಾಯಿಯ ಮೈಬಿಸಿ 38.3ರಿಂದ 39.2 ಡಿಗ್ರಿ ಇರುತ್ತದೆ. ಥರ್ಮಾಮೀಟರಿನಲ್ಲಿ ಫ್ಯಾರನ್‌ಹೀಟ್ ಇದ್ದರೆ 101ರಿಂದ 102.5. ಮೆಡಿಕಲ್ ಅಂಗಡಿಯ ಮಾಮೂಲಿ ಡಿಜಿಟಲ್ ಥರ್ಮಾಮೀಟರ್ ತಂದು, ತುದಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ ಗುದದಲ್ಲಿ ಇಟ್ಟು ನೋಡಿ. ಮನೆಯಲ್ಲಿ ಆರಾಮಾಗಿದ್ದಾಗಲೇ ಒಮ್ಮೆ ನೋಡಿ ಬರೆದಿಡಿ. ಹೊಲದಲ್ಲಿ 37ಕ್ಕಿಂತ ಕೆಳಗೆ ಬಂದರೆ ಅದು ಸುಮ್ನೆ ಥಂಡಿ ಅಲ್ಲ, ತೊಂದರೆ.

ನಡುಗುವುದು ಒಳ್ಳೆಯದೇ, ಮೈ ತಾನೇ ಶಾಖ ಮಾಡಿಕೊಳ್ಳುತ್ತಿದೆ ಅಂತ ಅರ್ಥ. ಬೆನ್ನು ಬಾಗಿಸಿ ನಿಲ್ಲುವುದು, ಬಾಲ ಹೊಟ್ಟೆಗೆ ಒತ್ತುವುದು, ಒಂದೊಂದೇ ಕಾಲು ಎತ್ತಿ ಹಿಡಿಯುವುದು, ಇವು ಕಂಡರೆ ಒಳಗೆ ಕರೆದುಕೊಳ್ಳಿ. ನಡುಗುತ್ತಿದ್ದ ನಾಯಿ ಬೆಚ್ಚಗಾಗದೇ ನಡುಕ ನಿಲ್ಲಿಸಿ ಮಂಕಾದರೆ ಮಾತ್ರ ಹೆದರಬೇಕು. ಆಗ ಮೈ ಒರೆಸಿ, ಕಂಬಳಿ ಸುತ್ತಿ, ಬೆಚ್ಚಗಿನ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಹೊಟ್ಟೆ ಹತ್ತಿರ ಇಡಿ. ಬೆಂಕಿಗೆ ಹತ್ತಿರ ಒಯ್ಯಬೇಡಿ, ತೆಳು ಚರ್ಮ ಸುಡುತ್ತದೆ. ಆಮೇಲೆ ತಡ ಮಾಡದೆ ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ.

ಇನ್ನೊಂದು. ಶೆಡ್ ಮುಚ್ಚಿ ಒಳಗೆ ಇದ್ದಿಲಿನ ಶೇಗಡಿ ಹಚ್ಚಿಟ್ಟು ಮಲಗುವ ರೂಢಿ ಇದೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ನಾಯಿಯೂ ಏಳುವುದಿಲ್ಲ, ನೀವೂ ಏಳುವುದಿಲ್ಲ.

ರಾಯಚೂರು ಬಿಸಿಲು

ಸರಿ ಡಾಕ್ಟ್ರೇ, ಬ್ರಾಂಡಿ ನಮಗೇ ಇಟ್ಟುಕೊಳ್ಳುತ್ತೇವೆ. ಆದರೆ ಹಳ್ಳಿ ತುಂಬ ಬೀದಿನಾಯಿಗಳು ಬೂದಿ ಗುಂಡಿಯಲ್ಲಿ ಮಲಗಿ ಆರಾಮಾಗಿಲ್ವಾ?

ಗಂಗಾವತಿ ಪಶುವೈದ್ಯ

ಅವು ಬೂದಿ ಹುಡುಕಿಕೊಂಡು ಹೋಗಿ ಮಲಗುತ್ತವೆ, ಬಿಸಿಲು ಬಂದ ಕಡೆ ಜರುಗುತ್ತವೆ, ಗುಂಪಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸರಪಳಿಯಲ್ಲಿ ಕಟ್ಟಿದ ನಾಯಿಗೆ ಇದ್ಯಾವುದೂ ಮಾಡಲು ಆಗುವುದಿಲ್ಲ.

ಮಸ್ಕಿ ಕುರಿಹಟ್ಟಿ

ನಮ್ಮದು ಕುರಿ ಕಾಯುವ ಮನೆತನ. ಸುಗ್ಗಿಯಾದ ಮೇಲೆ ಊರೂರು ಹೊಲದಲ್ಲಿ ಹಟ್ಟಿ ಹಾಕುತ್ತೇವೆ, ನಾಯಿಗಳೂ ಜೊತೆಗೇ. ಮಲಗುವ ಜಾಗದ ಬಗ್ಗೆ ಹೇಳುತ್ತೇನೆ ಅಣ್ಣ.

ಮೂಡಕ್ಕೆ ಬಾಯಿ ತೆರೆದ ಶೆಡ್ ಅಂದಿರಲ್ಲ, ಈ ಕಾಲದ ಗಾಳಿ ಬರುವುದೇ ಆ ಕಡೆಯಿಂದ. ಮೊದಲು ಅಲ್ಲಿ ತಾಡಪತ್ರಿ ಇಳಿಬಿಡಿ. ಕೆಳಗೆ ಕಲ್ಲು ಹೇರಿ, ಮೇಲೆ ಒಂದು ಮೊಳ ಬಿಡಿ, ಉಸಿರಾಡಲು ಗಾಳಿ ಬೇಕು. ಪತ್ರಾಸ್ ರಾತ್ರಿ ಬೆವರುತ್ತದೆ. ಬೆಳಗಿನ ಜಾವ ಒಳಗಿನಿಂದ ಹನಿ ತೊಟ್ಟಿಕ್ಕುತ್ತದೆ. ನಾಯಿಯ ಜಾಗದ ಮೇಲೆ ಒಂದು ತಟ್ಟಿನ ಚೀಲ ಅಡ್ಡ ಕಟ್ಟಿ, ಹನಿ ಅದರ ಮೇಲೆ ಬೀಳಲಿ.

ನೆಲದ ಮೇಲೆ ಮಲಗಿಸಬೇಡಿ. ಹೊರಸು, ಅಂದರೆ ಹಗ್ಗದ ಮಂಚ ಇದ್ದರೆ ಒಳ್ಳೆಯದು, ಆದರೆ ಬರೀ ಹೊರಸಿನ ಕೆಳಗೆ ಗಾಳಿ ಓಡಾಡಿ ಇನ್ನೂ ತಣ್ಣಗಾಗುತ್ತದೆ. ಮೇಲೆ ದಪ್ಪಗೆ ಏನಾದರೂ ಹಾಕಲೇಬೇಕು. ನಾವು ಒಂದು ಗೇಣಿನಷ್ಟು ಭತ್ತದ ಹುಲ್ಲು ಹಾಸಿ ಮೇಲೆ ಕಂಬಳಿ ಹಾಕುತ್ತೇವೆ. ಗಂಗಾವತಿ, ಕಾರಟಗಿ ಕಡೆ ಈಗ ಭತ್ತದ ಕಟಾವು, ಹುಲ್ಲಿಗೆ ಬರ ಇಲ್ಲ. ಜೋಳದ ಕಣಿಕಿ ಬೇಡ, ದಂಟು ಚುಚ್ಚುತ್ತದೆ. ಹುಲ್ಲನ್ನು ಮಧ್ಯಾಹ್ನ ಬಿಸಿಲಿಗೆ ಹರವಿ, ಒದ್ದೆಯಾದದ್ದನ್ನು ತೆಗೆದುಹಾಕಿ. ಹಾಸಿಗೆ ಚಿಕ್ಕದಿರಲಿ. ನಾಯಿ ಒಂದು ಸುತ್ತು ತಿರುಗಿ ಮುದುಡಿ ಮಲಗುವಷ್ಟು ಸಾಕು. ಜಾಗ ದೊಡ್ಡದಾದಷ್ಟೂ ಬಿಸಿ ನಿಲ್ಲುವುದಿಲ್ಲ.

ಕಂಬಳಿ ನಮ್ಮ ಡೆಕ್ಕನಿ ಕುರಿ ಉಣ್ಣೆಯದ್ದಿದ್ದರೆ ಬೇರೆ ಮಾತಿಲ್ಲ. ಸ್ವಲ್ಪ ನೆಂದರೂ ಬಿಸಿ ಬಿಡುವುದಿಲ್ಲ. ಅಂಗಡಿಯ ಮೆತ್ತನೆ ಬ್ಲಾಂಕೆಟ್ ಒದ್ದೆಯಾದರೆ ಮುಗಿಯಿತು.

ಸಿಂಧನೂರು ಅಕ್ಕ

ಹಾಸಿಗೆ ಬಗ್ಗೆ ಇನ್ನೊಂದು. ಮನೆಯಲ್ಲೂ ಶಹಾಬಾದ್ ಪರ್ಸಿ ನೆಲ ಇದ್ದರೆ ಚಳಿಗಾಲದಲ್ಲಿ ಬರೀ ನೆಲದ ಮೇಲೆ ಬಿಡಬೇಡಿ. ಈ ನಾಯಿಗಳ ಮೊಣಕೈಯಲ್ಲಿ ಮಾಂಸವೇ ಇರುವುದಿಲ್ಲ. ಗಟ್ಟಿ ನೆಲಕ್ಕೆ ಒತ್ತಿ ಒತ್ತಿ ಮೊದಲು ಚರ್ಮ ದಪ್ಪಗಾಗುತ್ತದೆ, ಆಮೇಲೆ ನೀರು ತುಂಬಿದ ಗಂಟು ಬರುತ್ತದೆ. ಅದನ್ನು ಸೂಜಿ ಚುಚ್ಚಿ ತೆಗೆಯಲು ಹೋಗಬೇಡಿ, ಮೆತ್ತನೆ ಹಾಸಿಗೆಯೇ ಮದ್ದು.

ಕುಕನೂರು ಎರೆಹೊಲ

ಎಲ್ಲರಿಗೂ ಥ್ಯಾಂಕ್ಸ್. ತಾಡಪತ್ರಿ ಇದೆ, ಹುಲ್ಲು ತರಿಸುತ್ತೇನೆ. ಸ್ವೆಟರ್ ಬಗ್ಗೆ ಯಾರೂ ಹೇಳಲಿಲ್ಲ. ಆನ್‌ಲೈನ್‌ನಲ್ಲಿ ನೋಡಿದೆ, ಎಲ್ಲವೂ ಗುಂಡು ಗುಂಡಾಗಿರುವ ನಾಯಿಯ ಅಳತೆ. ಚಿಗರಿಗೆ ಎದೆ ಸರಿಯಾದರೆ ಸೊಂಟದ ಹತ್ತಿರ ಚೀಲದ ಹಾಗೆ ಜೋತುಬೀಳುತ್ತದೆ.

ಸಿಂಧನೂರು ಅಕ್ಕ

ಅದಕ್ಕೇ ನಾವು ಮನೆಯಲ್ಲೇ ಹೊಲಿಯುತ್ತೇವೆ. ಅವ್ವನಿಗೆ ಕೌದಿ ಹೊಲಿಯಲು ಬರುತ್ತದೆ ಅಂದರೆ ಅರ್ಧ ಕೆಲಸ ಮುಗಿಯಿತು.

ಹಳೇ ಕಂಬಳಿ ತುಂಡು ತಗೊಳ್ಳಿ. ಒಳಗೆ ಹಳೇ ಧೋತರ ಅಥವಾ ಕಾಟನ್ ಸೀರೆ ಎರಡು ಪದರ ಕೊಡಿ, ಇಲ್ಲದಿದ್ದರೆ ಕಂಬಳಿ ಕಡಿದು ನಾಯಿ ತುರಿಸಿಕೊಳ್ಳುತ್ತದೆ. ಕುತ್ತಿಗೆ ಬುಡದಿಂದ ಬಾಲದ ಬುಡದವರೆಗೆ ಉದ್ದ. ಮುಂಗಾಲಿನ ಹಿಂದೆ ಎದೆ ಸುತ್ತಳತೆ. ಸೊಂಟದ ಸುತ್ತಳತೆ ಬೇರೆಯಾಗಿ ತಗೊಳ್ಳಿ, ಈ ನಾಯಿಗೆ ಎರಡಕ್ಕೂ ಬಹಳ ವ್ಯತ್ಯಾಸ. ಬಟ್ಟೆ ಒಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಎದೆ ಮುಂದೆ ಮತ್ತು ಹೊಟ್ಟೆ ಕೆಳಗೆ ಮುಚ್ಚಲೇಬೇಕು, ಕೂದಲು ಕಮ್ಮಿ ಇರುವುದೇ ಅಲ್ಲಿ. ಬೆನ್ನಿಗೆ ಮಾತ್ರ ಹಾಕಿದರೆ ಫೋಟೋಕ್ಕೆ ಚೆಂದ, ಅಷ್ಟೇ. ಕಂಕುಳಲ್ಲಿ ಬಟ್ಟೆ ಉಜ್ಜದ ಹಾಗೆ ಅಗಲವಾಗಿ ಕತ್ತರಿಸಿ. ಗುಂಡಿ ಬೇಡ, ಕಿತ್ತು ನುಂಗುತ್ತದೆ. ಲಾಡಿ ಕಟ್ಟಿದರೆ ಸಾಕು.

ಇದನ್ನು ಹಾಕುವುದು ಮಲಗುವಾಗ ಮತ್ತು ಓಡಿ ಬಂದ ಮೇಲೆ. ಓಡುವಾಗ ಖಂಡಿತ ತೆಗೆದುಬಿಡಿ. ಬಳ್ಳಾರಿ ಜಾಲಿಗೆ ಸಿಕ್ಕಿಕೊಂಡರೆ ಬಟ್ಟೆಯ ಜೊತೆ ಚರ್ಮವೂ ಬರುತ್ತದೆ. ಒದ್ದೆಯಾದರೆ ತಕ್ಷಣ ಬಿಚ್ಚಿ, ಒದ್ದೆ ಬಟ್ಟೆಗಿಂತ ಬರಿಮೈ ಮೇಲು.

ಈಗಲೇ ಹೊಲಿದು ಮನೆಯಲ್ಲಿ ದಿನಾ ಸ್ವಲ್ಪ ಹೊತ್ತು ಹಾಕಿ ಅಭ್ಯಾಸ ಮಾಡಿಸಿ. ಮೊದಲ ದಿನ ಮರದ ಗೊಂಬೆ ಹಾಗೆ ನಿಂತಲ್ಲೇ ನಿಲ್ಲುತ್ತದೆ, ಹೆದರಬೇಡಿ.

ಸಂಡೂರು ಗುಡ್ಡ

ನಮ್ಮ ಕಡೆ ಗುಡ್ಡದ ಚಳಿ ಇನ್ನೊಂದು ಮಟ್ಟ. ಒಂದೇ ಸೇರಿಸುತ್ತೇನೆ. ಬೆಳಗ್ಗೆ ಗಾಡಿಯಿಂದ ಇಳಿಸಿದ ಕೂಡಲೇ ಬಿಡಬೇಡಿ. ಸ್ನಾಯು ಇನ್ನೂ ತಣ್ಣಗಿರುತ್ತವೆ, ಈ ನಾಯಿ ನಾಲ್ಕು ಹೆಜ್ಜೆಯಲ್ಲಿ ಪೂರ್ತಿ ವೇಗ ಹಿಡಿಯುತ್ತದೆ. ತೊಡೆ ಒಳಗಿನ ಸ್ನಾಯು ಹರಿಯುವುದು ಹೀಗೇ. ಹಗ್ಗದಲ್ಲಿ ಹತ್ತು-ಹದಿನೈದು ನಿಮಿಷ ನಡೆಸಿ, ಆಮೇಲೆ ಬಿಡಿ. ಓಡಿ ಬಂದ ಮೇಲೂ ಹಾಗೇ. ಏದುಸಿರು ಇಳಿಯುವವರೆಗೆ ನಡೆಸಿ, ಕಂಬಳಿ ಹೊದಿಸಿ. ಬೆವರಿದವರಂತೆ ನಾವು ಚಹಾ ಕುಡಿಯಲು ಕೂರುತ್ತೇವೆ, ಅದು ಗಾಳಿಯಲ್ಲಿ ನಿಂತು ನಡುಗುತ್ತದೆ.

ಬೈಕ್ ಮೇಲೆ, ಟ್ರ್ಯಾಕ್ಟರ್ ಡಬ್ಬಿಯಲ್ಲಿ ನಸುಕಿನಲ್ಲಿ ಕರೆದೊಯ್ಯುವವರು ಗಮನಿಸಿ. ನಿಂತಾಗಿನ ಚಳಿಗಿಂತ ಆ ಗಾಳಿ ಬಹಳ ಜಾಸ್ತಿ. ಚೀಲ ಹೊದಿಸಿ ಕೂರಿಸಿ.

ಕುಕನೂರು ಎರೆಹೊಲ

ಒಳ್ಳೇ ಮಾತು. ನಮ್ಮದು ಪೂರ್ತಿ ಎರೆ ಭೂಮಿ, ಅರ್ಧಕ್ಕೆ ಕಡಲೆ ಹಾಕಿದ್ದೇವೆ. ಕಡಲೆ ಹೊಲದಲ್ಲಿ ಓಡಿಸಬಹುದಾ?

ಮಸ್ಕಿ ಕುರಿಹಟ್ಟಿ

ನಸುಕಿನಲ್ಲಿ ಬೇಡವೇ ಬೇಡ. ಕಡಲೆ ಗಿಡದ ಇಬ್ಬನಿ ಹುಳಿ ಇರುತ್ತದೆ. ನಮ್ಮವರು ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹರವಿ, ಬೆಳಗ್ಗೆ ಹಿಂಡಿ ಆ ಹುಳಿ ತೆಗೆದಿಡುವುದು ಗೊತ್ತಲ್ಲ? ಅದೇ ನೀರು ನಾಯಿಯ ಬಿರಿದ ಪಾದಕ್ಕೆ, ಹೊಟ್ಟೆಗೆ ತಾಗಿದರೆ ಉರಿ. ಆಮೇಲೆ ನೆಕ್ಕಿ ನೆಕ್ಕಿ ಗಾಯ ಮಾಡಿಕೊಳ್ಳುತ್ತದೆ. ಹೋಗಿ ಬಂದಿದ್ದರೆ ಉಗುರು ಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ರಾತ್ರಿ ಪಾದಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ.

ಎರೆ ಹೊಲದಲ್ಲಿ ಅದಕ್ಕಿಂತ ದೊಡ್ಡ ಭಯ ಬಿರುಕು. ಜನವರಿ ಹೊತ್ತಿಗೆ ಕಾಲು ಇಳಿಯುವಷ್ಟು ಬಾಯಿ ಬಿಡುತ್ತದೆ. ಆ ವೇಗದಲ್ಲಿ ಮುಂಗಾಲು ಒಳಗೆ ಹೋದರೆ ಮೂಳೆ ಉಳಿಯುವುದಿಲ್ಲ. ಬಂಡಿ ದಾರಿಯಲ್ಲೋ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲೋ ಓಡಿಸಿ. ಬೆಳಕು ಹರಿದ ಮೇಲೆ.

ಲಿಂಗಸುಗೂರು ಮೇಷ್ಟ್ರು

ಓಟ, ಓಟ ಅನ್ನುತ್ತಿದ್ದೀರಿ. ಏನನ್ನು ಓಡಿಸಿಕೊಂಡು ಹೋಗುತ್ತದೆ ಅನ್ನುವುದನ್ನೂ ಮಾತಾಡೋಣ. ಕುಕನೂರು, ಯಲಬುರ್ಗಾ ಎರೆ ಹೊಲಗಳಿಗೆ ಚಿಗರಿ, ಅಂದರೆ ಕೃಷ್ಣಮೃಗದ ಹಿಂಡು ಇಳಿಯುತ್ತದೆ. ಬೆಳೆ ತಿನ್ನುತ್ತದೆ, ನಿಮ್ಮ ಸಿಟ್ಟು ಗೊತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ. ನಾಯಿ ಬಿಟ್ಟು ಅಟ್ಟಿಸುವುದೂ ಆ ಕಾಯ್ದೆಯಲ್ಲಿ ಬೇಟೆಯೇ. ಮೊಲಕ್ಕೂ ಇದೇ ಮಾತು. ನಿಮ್ಮ ನಾಯಿಗೆ ಚಿಗರಿ ಅಂತ ಹೆಸರಿದೆ, ಹೊಲದಲ್ಲಿ ಕೂಗುವಾಗ ನೋಡಿಕೊಂಡು ಕೂಗಿ ಮಾರಾಯ್ರೇ.

ಹಗ್ಗಕ್ಕೆ ಬಟ್ಟೆ ಕಟ್ಟಿ ಎಳೆದು ಓಡಿಸಿ. ಕಣ್ಣಿಗೆ ಚಲಿಸುವುದು ಕಂಡರೆ ಸಾಕು ಈ ನಾಯಿಗೆ, ವಾಸನೆ ಅದಕ್ಕೆ ಆಮೇಲಿನ ಮಾತು.

ರಾತ್ರಿ ಹೊರಗೆ ಕಟ್ಟುವುದಂತೂ ಬೇಡ. ಆನೆಗೊಂದಿ ಗುಡ್ಡದ ಕಡೆ ಚಿರತೆ ಇದೆ, ಕೊಪ್ಪಳದ ಬಯಲಲ್ಲಿ ತೋಳ ಇವೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮವೇ ಇದೆ. ಕಟ್ಟಿದ ನಾಯಿ ಚಿರತೆಗೆ ತಟ್ಟೆಯಲ್ಲಿ ಬಡಿಸಿಟ್ಟ ಊಟ.

ಗಂಗಾವತಿ ಪಶುವೈದ್ಯ

ಮೇಷ್ಟ್ರು ತೋಳದ ಮಾತು ತೆಗೆದದ್ದು ಒಳ್ಳೆಯದಾಯಿತು. ರೇಬೀಸ್, ಡಿಸ್ಟೆಂಪರ್ ನಾಯಿಯಿಂದ ತೋಳಕ್ಕೂ ಹರಡುತ್ತವೆ. ಡಿಸ್ಟೆಂಪರ್ ಚಳಿಗಾಲದಲ್ಲಿ ನಾವು ಜಾಸ್ತಿ ನೋಡುತ್ತೇವೆ. ಕಣ್ಣು ಮೂಗಲ್ಲಿ ಸುರಿತ, ಕೆಮ್ಮು, ಆಮೇಲೆ ಫಿಟ್ಸ್. ಎಷ್ಟೋ ಜನ ನೆಗಡಿ ಅಂದುಕೊಂಡು ತಡ ಮಾಡುತ್ತಾರೆ. ಹೊಲಕ್ಕೆ ಹೋಗುವ ಎರಡು ವಾರ ಮುಂಚೆಯೇ ಲಸಿಕೆ ಚೀಟಿ ತೆಗೆದು ನೋಡಿ, ಬಾಕಿ ಇದ್ದರೆ ಹಾಕಿಸಿ, ಜಂತಿನ ಔಷಧಿಯನ್ನೂ ಕೊಡಿಸಿ.

ಊಟದ ಬಗ್ಗೆ ಕೇಳಿದ್ದಿರಿ. ಮನೆಯಲ್ಲೇ ಇರುವಾಗ ಏನೂ ಬದಲಿಸಬೇಡಿ. ಹೊಲಕ್ಕೆ ಹೋದ ಮೇಲೆ ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿ. ಸಜ್ಜಿ ರೊಟ್ಟಿ, ಮೊಟ್ಟೆ, ಬೇಯಿಸಿದ ಕೋಳಿ ಮಾಂಸ ಚೆನ್ನಾಗಿ ಆಗುತ್ತದೆ. ದುಡಿಯುವ ನಾಯಿಗೆ ಕೊಬ್ಬೇ ಇಂಧನ. ಆದರೆ ಒಂದೇ ದಿನ ಬಟ್ಟಲು ತುಪ್ಪ ಸುರಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಈ ತಳಿಯಲ್ಲಿ ಕೊನೆಯ ಕೆಲವು ಪಕ್ಕೆಲುಬು ಕಾಣುವುದು ಸರಿಯಾದ ಮೈಕಟ್ಟೇ. ಎಲ್ಲ ಎಲುಬೂ ಎದ್ದು ಕಂಡರೆ ಊಟ ಸಾಲುತ್ತಿಲ್ಲ ಅಂತ ತಿಳಿಯಿರಿ. ಮಸಾಲೆ ಸಾರು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ್ದು ಬೇಡ, ರಕ್ತಕ್ಕೆ ಕೆಟ್ಟದ್ದು. ಬೂಸ್ಟು ಬಂದ ಶೇಂಗಾ, ಮೆಕ್ಕೆಜೋಳ ಬೇಡವೇ ಬೇಡ, ಆ ಬೂಸ್ಟಿನ ವಿಷ ಲಿವರ್ ತಿನ್ನುತ್ತದೆ.

ಮುಖ್ಯ ಊಟ ಸಂಜೆ ಕೊಡಿ, ರಾತ್ರಿ ಜೀರ್ಣವಾಗುವಾಗ ಮೈ ಬೆಚ್ಚಗಿರುತ್ತದೆ. ಬೆಳಗ್ಗೆ ಹೊಟ್ಟೆ ತುಂಬ ತಿನ್ನಿಸಿ ಓಡಿಸಬೇಡಿ. ಎದೆ ಆಳ ಇರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಇದೆ, ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಚಳಿಯಲ್ಲಿ ನೀರು ಕಮ್ಮಿ ಕುಡಿಯುತ್ತದೆ, ಉಗುರು ಬೆಚ್ಚಗೆ ಮಾಡಿ ಇಡಿ.

ಸ್ನಾನ ತಿಂಗಳಿಗೆ ಒಂದು ಸಾಕು. ಮಧ್ಯಾಹ್ನ ಬಿಸಿಲಲ್ಲಿ ಮಾಡಿಸಿ.

ರಾಯಚೂರು ಬಿಸಿಲು

ಇಷ್ಟೆಲ್ಲ ಓದಿ ನನಗೇ ಚಳಿಯಾಯಿತು. ನಿಜ ಹೇಳಿ, ಇಷ್ಟು ಕಷ್ಟಪಟ್ಟು ಹೊಲಕ್ಕೆ ಯಾಕೆ ಕರೆದೊಯ್ಯಬೇಕು? ಕಾವಲಿಗೆ ಊರ ನಾಯಿಯೇ ಮೇಲಲ್ವಾ? ಮುಧೋಳ ನಾಯಿ ಬೊಗಳುವುದೂ ಕಮ್ಮಿ.

ಸಿಂಧನೂರು ಅಕ್ಕ

ಈ ಮಾತು ಮಾತ್ರ ಸರಿ ಹೇಳಿದಿರಿ. ರಾತ್ರಿ ಕಾವಲು ಇದರ ಕೆಲಸ ಅಲ್ಲ. ಕತ್ತಲಲ್ಲಿ ಹೊರಗೆ ಕಟ್ಟುವುದಕ್ಕೆ ಅಂತಾದರೆ ಮನೆಯಲ್ಲೇ ಬಿಡಿ. ಜೊತೆಗಿರಲಿ, ಬೆಳಗ್ಗೆ ಓಡಲಿ, ರಾತ್ರಿ ಶೆಡ್ಡಿನೊಳಗೆ ನಿಮ್ಮ ಪಕ್ಕದಲ್ಲಿ ಮಲಗಲಿ ಅಂತಾದರೆ ಕರೆದೊಯ್ಯಿರಿ. ಮೊದಲು ಒಂದೆರಡು ರಾತ್ರಿ ಮಾತ್ರ ಇಟ್ಟು ನೋಡಿ. ನಿದ್ದೆ ಮಾಡುತ್ತದಾ, ಬೆಳಗ್ಗೆ ಊಟ ಬಿಡುತ್ತದಾ ಗಮನಿಸಿ. ಒಗ್ಗದಿದ್ದರೆ ಸಂಜೆ ಮನೆಗೆ ಕಳಿಸಿ, ಬೆಳಗ್ಗೆ ಕರೆಸಿಕೊಳ್ಳಿ.

ಕುಕನೂರು ಎರೆಹೊಲ

ಹಾಗೇ ಮಾಡುತ್ತೇನೆ ಅಕ್ಕಾ. ಹೊರಗೆ ಕಟ್ಟುವ ಯೋಚನೆ ಬಿಟ್ಟೆ. ಅವ್ವ ಕಂಬಳಿ ಕತ್ತರಿಸಲು ಕೂತಿದ್ದಾರೆ, ನಾಯಿಗೆ ಇಳಕಲ್ ಸೀರೆ ಅಂಚು ಹಚ್ಚಬೇಕಂತೆ.

ಕಂಪ್ಲಿ ಕಾಲುವೆ

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ನಾಯಿ ಗಬ್ಬ ಇದೆ, ಡಿಸೆಂಬರ್ ಕೊನೆಗೆ ಮರಿ ಹಾಕಬಹುದು. ಈ ಚಳಿಯಲ್ಲಿ ಮರಿಗಳಿಗೆ ಏನು ಮಾಡಬೇಕು?

ಗಂಗಾವತಿ ಪಶುವೈದ್ಯ

ಹುಟ್ಟಿದ ಮೊದಲ ಎರಡು ವಾರ ಮರಿಗಳಿಗೆ ಮೈಬಿಸಿ ಕಾಯ್ದುಕೊಳ್ಳಲು ಬರುವುದಿಲ್ಲ, ಸರಿಯಾಗಿ ನಡುಗಲೂ ಬರುವುದಿಲ್ಲ. ಒಗ್ಗಿಸುವ ಮಾತೇ ಇಲ್ಲಿ ಬೇಡ. ಮನೆಯೊಳಗೆ, ಗಾಳಿ ಬೀಸದ ಮೂಲೆಯಲ್ಲಿ, ಅಂಚು ಎತ್ತರ ಇರುವ ಪೆಟ್ಟಿಗೆ ಮಾಡಿ. ಮೊದಲ ವಾರ ಮರಿ ಮಲಗುವ ಕಡೆ 29ರಿಂದ 32 ಡಿಗ್ರಿ ಇರಬೇಕು. ಒಂದು ಬದಿಗೆ ಹಳೇ ಕಾಲದ 60 ವ್ಯಾಟ್ ಬಲ್ಬ್ ಇಳಿಬಿಡಿ. ಎಲ್‌ಇಡಿ ಬಲ್ಬ್‌ನಿಂದ ಶಾಖ ಬರುವುದಿಲ್ಲ. ಪೆಟ್ಟಿಗೆಯ ಇನ್ನೊಂದು ಬದಿ ತಣ್ಣಗಿರಲಿ, ಸೆಕೆಯಾದರೆ ತಾಯಿ ಅಲ್ಲಿಗೆ ಜರುಗುತ್ತದೆ. ಮರಿಗಳು ಒಂದರ ಮೇಲೊಂದು ಗುಡ್ಡೆ ಹಾಕಿಕೊಂಡು ಕುಂಯ್‌ಗುಟ್ಟಿದರೆ ಚಳಿ. ದೂರ ದೂರ ಚೆಲ್ಲಾಪಿಲ್ಲಿ ಮಲಗಿ ಏದುಸಿರು ಬಿಟ್ಟರೆ ಸೆಕೆ, ಬಲ್ಬ್ ಮೇಲಕ್ಕೆ ಎತ್ತಿ ಕಟ್ಟಿ. ತಣ್ಣಗಾದ ಮರಿಗೆ ಹಾಲು ಕುಡಿಸಲು ಹೋಗಬೇಡಿ, ಜೀರ್ಣವಾಗುವುದಿಲ್ಲ. ಮೊದಲು ನಿಧಾನಕ್ಕೆ ಬೆಚ್ಚಗೆ ಮಾಡಿ, ಆಮೇಲೆ ತಾಯಿಯ ಹತ್ತಿರ ಬಿಡಿ. ವೈರ್ ಮಾತ್ರ ತಾಯಿಯ ಬಾಯಿಗೆ ಸಿಗದ ಎತ್ತರದಲ್ಲಿರಲಿ.